ಕಾಣುವ ಕಾರಣ ಮುಗಿಯುವವರೆಗೆ

ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಗಬೇಕಾದ ಕಾರು ನಾಲ್ಕೈದು ಸೆಕೆಂಡು ತಿಣುಕಾಡಿ ಆಮೇಲೆ ಸ್ಟಾರ್ಟ್ ಆದರೆ ಅದಕ್ಕೆ ಎರಡು ಬಗೆಯ ವಿವರಣೆ ಸಿದ್ಧವಾಗಿರುತ್ತದೆ. ಬ್ಯಾಟರಿ ವೀಕ್ ಆಗಿದೆ, ಪೆಟ್ರೋಲ್ ಸರಿಯಿಲ್ಲ, ಚಳಿ ಹೆಚ್ಚಾಗಿದೆ ಎಂಬುದು ಒಂದು ಬಗೆ. ಗಾಡಿಗೆ ದೃಷ್ಟಿ ತಾಗಿದೆ, ಮಾಲೀಕನಿಗೆ ಶನಿಕಾಟ ನಡೆದಿದೆ, ಈ ಸಲದ ಆಯುಧಪೂಜೆಯಲ್ಲಿ ಏನೋ ಲೋಪವಾಯಿತು ಎಂಬುದು ಇನ್ನೊಂದು. ದರ್ಶನಗಳ ಪರಿಭಾಷೆಯಲ್ಲಿ ಮೊದಲನೆಯದು ದೃಷ್ಟ ಕಾರಣ, ಎರಡನೆಯದು ಅದೃಷ್ಟ. ಕಂಡದ್ದನ್ನಷ್ಟೇ ನಂಬುವ ಚಾರ್ವಾಕರನ್ನು ಬಿಟ್ಟರೆ ಉಳಿದ ದರ್ಶನಗಳು ಒಂದಲ್ಲ ಒಂದು ಹೆಸರಿನಲ್ಲಿ ಎರಡನ್ನೂ ಒಪ್ಪುತ್ತವೆ. ಒಪ್ಪಿದವರಿಗೂ ಒಂದು ಪ್ರಶ್ನೆ ಮಾತ್ರ ಉಳಿದೇ ಇರುತ್ತದೆ: ದೃಷ್ಟವನ್ನು ಎಲ್ಲಿಯವರೆಗೆ ಹುಡುಕಬೇಕು, ಅದೃಷ್ಟದ ಸರದಿ ಯಾವಾಗ? ಶಾಸ್ತ್ರಕಾರರು ಇದಕ್ಕೆ ಕೊಟ್ಟ ಉತ್ತರ ಸಾಮಾನ್ಯ ಭಕ್ತರ ಊಹೆಗಿಂತ ಬಹಳ ಬಿಗಿಯಾದದ್ದು. ಒಳ್ಳೆಯ ಗ್ಯಾರೇಜಿನ ಕೆಲಸಕ್ಕೆ ಬಹಳ ಹತ್ತಿರದ್ದು.

ತಡವಾಗಿ ಸ್ಟಾರ್ಟ್ ಆಗುವುದು ಯಾವುದೋ ಒಂದೇ ದೋಷದ ಗುರುತಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಆಸುಪಾಸಿನಲ್ಲಿ ದಖ್ಖನಿ, ತಮಿಳು, ಕನ್ನಡ ಕಲಸಿ ಮಾತನಾಡುವ ಮೆಕ್ಯಾನಿಕ್ ಮೊದಲು ಕೇಳಿಸಿಕೊಳ್ಳುವುದು ಸೆಲ್ಫಿನ ಸದ್ದನ್ನು. ಸೆಲ್ಫ್ ಎಂದರೆ ಎಂಜಿನ್ನನ್ನು ಮೊದಲ ಸುತ್ತು ತಿರುಗಿಸಿಕೊಡುವ ಸ್ಟಾರ್ಟರ್ ಮೋಟರು. ಅದು ಎಳೆದೆಳೆದು ತಿರುಗಿದರೆ ದೋಷ ಕರೆಂಟಿನ ದಾರಿಯಲ್ಲಿರುತ್ತದೆ: ಬ್ಯಾಟರಿ, ಟರ್ಮಿನಲ್, ಕೇಬಲ್, ಅರ್ತ್, ಇಲ್ಲವೇ ಮೋಟರಿನೊಳಗಿನ ಕಾರ್ಬನ್ ಮತ್ತು ಬುಷ್, ಅಪರೂಪಕ್ಕೆ ಎಂಜಿನ್ನೇ ಬಿಗಿದುಕೊಂಡಿರುತ್ತದೆ. ಸೆಲ್ಫ್ ಚುರುಕಾಗಿಯೇ ತಿರುಗಿ ಎಂಜಿನ್ ಮಾತ್ರ ತಡವಾಗಿ ಹಿಡಿದರೆ ಹುಡುಕಬೇಕಾದದ್ದು ಇಂಧನ, ಕಿಡಿ, ಗಾಳಿ, ಸೆನ್ಸರ್‌ಗಳ ಕಡೆ. ನ್ಯಾಯದರ್ಶನ ಸಂಶಯಕ್ಕೆ ಕೊಡುವ ಲಕ್ಷಣ ಇಲ್ಲಿ ಹಾಗೇ ಹೊಂದುತ್ತದೆ. ಮಬ್ಬಿನಲ್ಲಿ ಎದುರಿಗಿರುವುದು ಕಂಬವೋ ಮನುಷ್ಯನೋ ಎಂದು ಸಂಶಯ ಬರುವುದು ಎರಡಕ್ಕೂ ಸಮಾನವಾದ ಎತ್ತರ ಕಂಡು, ಒಂದಕ್ಕೇ ಮೀಸಲಾದ ಗುರುತು ಕಾಣದಿದ್ದಾಗ. ‘ತಡ’ ಎಂಬುದು ಎತ್ತರದಂತೆ, ಎಲ್ಲ ದೋಷಗಳಿಗೂ ಸಮಾನ. ಸೆಲ್ಫಿನ ಸದ್ದು ಬೇರ್ಪಡಿಸುವ ಗುರುತು.

ಗುರುತಿನಿಂದ ವಸ್ತುವನ್ನು ತಿಳಿಯುವ ಅನುಮಾನವನ್ನು ನ್ಯಾಯಸೂತ್ರ ಮೂರು ಬಗೆ ಮಾಡುತ್ತದೆ. ಗ್ಯಾರೇಜಿಗೆ ಬೇಕಾದದ್ದು ಅವುಗಳಲ್ಲಿ ಶೇಷವತ್ ಎಂಬುದು. ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇದಕ್ಕೆ ಎರಡು ಅರ್ಥ ಹೇಳುತ್ತಾನೆ. ಕಾರ್ಯವನ್ನು ನೋಡಿ ಕಾರಣ ತಿಳಿಯುವುದು ಒಂದು. ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿ, ಕೊನೆಗೆ ಉಳಿದದ್ದನ್ನು ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ಉದಾಹರಣೆ ತುಂಬಿ ಹರಿಯುವ ನದಿ: ಅದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು. ಸೂತ್ರಕಾರನೇ ಇದಕ್ಕೆ ಎದುರಾಳಿಯ ಬಾಯಿಂದ ಆಕ್ಷೇಪ ಎತ್ತಿಸುತ್ತಾನೆ. ಕೆಳಗೆ ಯಾರೋ ಒಡ್ಡು ಕಟ್ಟಿದರೂ ನೀರು ಏರುತ್ತದೆ, ಮಳೆಯೇ ಆಗಿರಬೇಕೆಂದಿಲ್ಲವಲ್ಲ? ಉತ್ತರ ಹೀಗಿದೆ: ಬರಿಯ ಏರಿಕೆಯನ್ನು ಯಾರೂ ಹೇತುವೆಂದು ಹೇಳಿಲ್ಲ. ಮಳೆಯ ನೀರಿಗೆ ಸೆಳೆತ ಹೆಚ್ಚು, ನೊರೆ ಇರುತ್ತದೆ, ಎಲೆ, ಹಣ್ಣು, ಕಟ್ಟಿಗೆ ತೇಲಿ ಬರುತ್ತವೆ. ಇಷ್ಟು ವಿಶೇಷಗಳೊಡನೆ ಏರಿದ ನೀರಷ್ಟೇ ಮಳೆಯನ್ನು ಸಾಧಿಸುತ್ತದೆ. ತಪ್ಪು ಅನುಮಾನವೆಂಬ ಪ್ರಮಾಣದ್ದಲ್ಲ, ಅರ್ಧಂಬರ್ಧ ನೋಡಿದವನದು ಎಂದು ಭಾಷ್ಯದ ಇಂಗಿತ.

ಕಾರಿನಲ್ಲೂ ಆ ನೊರೆ, ಎಲೆಗಳಿವೆ. ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಹಾಕಿ ನೋಡಬೇಕು. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿಯ ಮೇಲೋ ಅದರ ಟರ್ಮಿನಲ್‌ಗಳ ಮೇಲೋ ಸಂಶಯ. ಬೆಳಕು ಹೆಚ್ಚು ಕುಗ್ಗದೆ ಸೆಲ್ಫ್ ಮಾತ್ರ ಸೋತರೆ ಮೋಟರಿಗೆ ಹೋಗುವ ದಾರಿಯ ಮೇಲೆ ಸಂಶಯ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿಳಿದರೆ ಬರಿದಾಗುತ್ತ ಬಂದಿದೆ. ನಿಂತಾಗಿನ ವೋಲ್ಟೇಜ್ ಒಂದನ್ನೇ ನಂಬುವಂತಿಲ್ಲ. ಹಳೆಯ ಬ್ಯಾಟರಿ ಸುಮ್ಮನಿದ್ದಾಗ ಚೆನ್ನಾಗಿ ತೋರಿಸಿ ಭಾರ ಬಿದ್ದೊಡನೆ ಕುಸಿಯುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ಡೈನಮೋ ಸರಿಯಾಗಿ ಚಾರ್ಜ್ ಕೊಡುತ್ತಿಲ್ಲ.

ಬ್ಯಾಟರಿ ಸರಿಯಿದ್ದೂ ಸೆಲ್ಫಿಗೆ ಕರೆಂಟ್ ತಲುಪದಿರುವ ಸಂದರ್ಭ ತಾತ್ತ್ವಿಕವಾಗಿ ಸ್ವಾರಸ್ಯದ್ದು. ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿ, ಸಡಿಲಾದ ನಟ್ಟು, ತುಕ್ಕು ಹಿಡಿದ ಅರ್ತ್ ಪಟ್ಟಿ ಇವುಗಳಲ್ಲಿ ಯಾವುದಾದರೂ ಸಾಕು. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಮೀಟರ್ ಹಿಡಿದು ಸೆಲ್ಫ್ ಹೊಡೆದಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಡ್ಡಿ ಅರ್ತಿನಲ್ಲಿದೆ. ಭಾರತೀಯ ತಾರ್ಕಿಕರು ಇಂಥ ಅಡ್ಡಿಯನ್ನು ಪ್ರತಿಬಂಧಕ ಎಂದು ಕರೆದು ಅದರ ಬಗ್ಗೆ ದೀರ್ಘ ಜಗಳ ನಡೆಸಿದ್ದಾರೆ. ಒಂದು ಬಗೆಯ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ ಎಂಬುದು ಅವರ ಉದಾಹರಣೆ. ಬೆಂಕಿಯಲ್ಲಿ ಸುಡುವ ಶಕ್ತಿ ಎಂಬ ಬೇರೆಯೇ ಪದಾರ್ಥವಿದೆ, ಮಣಿ ಅದನ್ನು ಕೆಡಿಸುತ್ತದೆ ಎಂದರು ಮೀಮಾಂಸಕರು. ಶಕ್ತಿ ಎಂಬ ಬೇರೆ ಪದಾರ್ಥ ಬೇಕಿಲ್ಲ, ಅಡ್ಡಿ ಇಲ್ಲದಿರುವುದೂ ಕಾರಣಗಳಲ್ಲಿ ಒಂದು ಎಂದರು ನೈಯಾಯಿಕರು. ಗಾಡಿಯ ಮಟ್ಟಿಗೆ ಈ ಜಗಳಕ್ಕೆ ರೊಕ್ಕದ ಬೆಲೆಯಿದೆ. ‘ಶಕ್ತಿ ಹೋಯಿತು’ ಎನ್ನುವವನು ಹೊಸ ಬ್ಯಾಟರಿ ಕೊಳ್ಳುತ್ತಾನೆ. ಅಡ್ಡಿಯನ್ನು ಸಂಶಯಿಸುವವನು ಉಪ್ಪುಕಾಗದ ತಂದು ಟರ್ಮಿನಲ್ ಉಜ್ಜುತ್ತಾನೆ.

ಸೆಲ್ಫ್ ಚುರುಕಾಗಿದ್ದಾಗ ಕೆಲಸಕ್ಕೆ ಬರುವುದು ಶೇಷವತ್ತಿನ ಎರಡನೆಯ ಅರ್ಥ. ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿ, ಪಂಪು ಗುಂಯ್‌ಗುಟ್ಟುವ ಎರಡು ಸೆಕೆಂಡು ತಡೆದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ಸ್ಟಾರ್ಟ್ ಕೊಟ್ಟಾಗ ತಟ್ಟನೆ ಹಿಡಿದರೆ, ರಾತ್ರಿಯಲ್ಲಿ ಇಂಧನದ ಒತ್ತಡ ಇಳಿದುಹೋಗುತ್ತಿದೆ. ಪಂಪಿನೊಳಗಿನ ಹಿಮ್ಮರಳದ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ ಅದಕ್ಕೆ ಕಾರಣ. ಏನೂ ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ಮಸಿ ಕಟ್ಟಿದ ಥ್ರಾಟಲ್, ತಣ್ಣಗಿರುವ ಎಂಜಿನ್ನನ್ನು ಬಿಸಿಯಿದೆ ಎಂದು ಸುಳ್ಳು ಹೇಳುವ ಕೂಲೆಂಟ್ ಸೆನ್ಸರ್. ಡೀಸೆಲ್ ಆದರೆ ಗ್ಲೋ ಪ್ಲಗ್, ಇಲ್ಲವೇ ಪೈಪಿನೊಳಗೆ ಸೇರಿಕೊಂಡ ಗಾಳಿ. ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದೆ ಎಂಬ ಭರವಸೆ ಈಚಿನದು. ನಂಬಲರ್ಹನ ಮಾತೇ ಪ್ರಮಾಣ ಎನ್ನುವ ಶಬ್ದಪ್ರಮಾಣದ ಲಕ್ಷಣದಂತೆ, ಆಪ್ತ ಎನಿಸುವ ಆ ನಂಬಲರ್ಹನಿಗೆ ಎರಡು ಗುಣ ಬೇಕು: ಇದ್ದದ್ದನ್ನು ಇದ್ದಂತೆ ತಿಳಿದಿರಬೇಕು, ಹಾಗೇ ಹೇಳಬೇಕು. ಸ್ಕ್ಯಾನರಿಗೆ ಮೋಸಮಾಡುವ ಇಚ್ಛೆಯಿಲ್ಲ, ನಿಜ; ಆದರೆ ಅದಕ್ಕೆ ಗೊತ್ತಿರುವುದು ತನ್ನ ತಂತಿಗೆ ಬಂದ ವೋಲ್ಟೇಜ್ ಮಾತ್ರ. ಅದು ಹೇಳುವ ಕೋಡ್ ಸರ್ಕ್ಯೂಟಿನತ್ತ ಬೆರಳು ತೋರಿಸುತ್ತದೆ, ಕೆಟ್ಟ ಬಿಡಿಭಾಗದ ಹೆಸರು ಹೇಳುವುದಿಲ್ಲ.

ಬೆಂಗಳೂರಿನ ಪೂರ್ವಭಾಗದಲ್ಲಿ ಮೇಲಿಂದ ಮೇಲೆ ಆರೋಪ ಹೊರುವುದು ಚಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್-ಜನವರಿಯ ನಸುಕು ಸಾಮಾನ್ಯವಾಗಿ 15-16 ಡಿಗ್ರಿ. ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಇಷ್ಟು ಚಳಿಗೆ ಒಳ್ಳೆಯ ಬ್ಯಾಟರಿ ಕಳೆದುಕೊಳ್ಳುವುದು ಅಲ್ಪ. ಇಂದಿರಾನಗರದ ಒಂದೇ ಅಡ್ಡರಸ್ತೆಯಲ್ಲಿ ಅದೇ ಚಳಿಯಲ್ಲಿ ನಿಂತ ಉಳಿದ ಕಾರುಗಳು ಸರಾಗವಾಗಿ ಹೊರಡುತ್ತವೆ. ಚಳಿಯಿದ್ದೂ ತಡವಿಲ್ಲ; ಒಂದಿದ್ದಲ್ಲೆಲ್ಲ ಇನ್ನೊಂದು ಇರಬೇಕೆಂಬ ನಂಟು, ಎಂದರೆ ವ್ಯಾಪ್ತಿ, ಅಲ್ಲಿಗೆ ಮುರಿಯಿತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂಬ ಮಾತು ಕಾದ ಕಬ್ಬಿಣದ ಗುಂಡಿನ ಮುಂದೆ ಸೋಲುವುದೂ ಹೀಗೇ. ಹೊಗೆ ಬರಲು ಬೆಂಕಿಯ ಜೊತೆಗೆ ಹಸಿ ಕಟ್ಟಿಗೆ ಬೇಕು. ತಾರ್ಕಿಕರು ಅದನ್ನು ಉಪಾಧಿ ಎನ್ನುತ್ತಾರೆ. ಚಳಿಯ ಹಿಂದೆ ಅಡಗಿದ ಹಸಿ ಕಟ್ಟಿಗೆ ಮೊದಲೇ ಬಡವಾದ ಬ್ಯಾಟರಿ.

ಅದು ಬಡವಾಗಲು ಇಲ್ಲಿ ಸ್ಥಳೀಯ ಕಾರಣಗಳೇ ಸಾಕಷ್ಟಿವೆ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಮೆಟ್ರೊ 2023ರ ಅಕ್ಟೋಬರ್ 9ರಂದು ಶುರುವಾದ ಮೇಲೆ ವೈಟ್‌ಫೀಲ್ಡಿನವರೆಗೂ ರೈಲಿನಲ್ಲಿ ಹೋಗುವವರ ಕಾರು ವಾರವಿಡೀ ಮನೆ ಮುಂದೆ ನಿಲ್ಲುತ್ತದೆ. ನಿಂತ ಕಾರಿನ ಅಲಾರಂ, ಗಡಿಯಾರ, ಕಂಪ್ಯೂಟರ್ ಸೇರಿ 50 ಮಿಲಿಆಂಪಿಯರ್ ಎಳೆದರೂ ಅದು ವಾಡಿಕೆಯ ಮಿತಿಯೊಳಗೇ. ಆದರೆ ಏಳು ದಿನಕ್ಕೆ ಅದು 8.4 ಆಂಪಿಯರ್-ಗಂಟೆ; ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹತ್ತಿರಹತ್ತಿರ ಕಾಲು ಭಾಗ. ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡಿದ್ದರೆ ಇನ್ನೂ ಬೇಗ. ವಾರದ ಕೊನೆಗೆ ಹಲಸೂರಿನವರೆಗೆ ಹೋಗಿ ಬರುವ ಎರಡು ಮೂರು ಕಿಲೋಮೀಟರ್ ಓಡಾಟ ಆ ನಷ್ಟವನ್ನು ತುಂಬುವುದಿಲ್ಲ. ಕೆ.ಆರ್. ಪುರದ ಬಳಿಯ ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಎಸಿ, ಲೈಟು ಹಾಕಿಕೊಂಡು ತೆವಳುವುದೂ ತುಂಬುವುದಿಲ್ಲ. ಶೇ. 20 ಇಥೆನಾಲ್ ಬೆರೆತ ಪೆಟ್ರೋಲಿನ ಮೇಲೂ ಈಗ ಆರೋಪ ಹೆಚ್ಚು. ಅದೇ ಬಂಕಿನಲ್ಲಿ ಹಾಕಿಸಿದ ಪಕ್ಕದ ಮನೆಯ ಅದೇ ಮಾದರಿಯ ಕಾರು ಸರಿಯಿದ್ದರೆ ಆ ಆರೋಪವೂ ಚಳಿಯದರಂತೆಯೇ ನಿಲ್ಲುವುದಿಲ್ಲ.

ಹೆಚ್ಚಿನ ತಪ್ಪು ತೀರ್ಮಾನಗಳು ಹುಟ್ಟುವುದು ರಿಪೇರಿಯಾದ ಮೇಲೆ. ಹೊಸ ಬ್ಯಾಟರಿ ಹಾಕಿಸಿದರು, ಕಾರು ತಟ್ಟನೆ ಸ್ಟಾರ್ಟ್ ಆಯಿತು, ಆದ್ದರಿಂದ ಹಳೆಯ ಬ್ಯಾಟರಿ ಕೆಟ್ಟಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ ಬ್ಯಾಟರಿ ಬದಲಿಸುವವನು ಹಳೆಯ ಕ್ಲ್ಯಾಂಪ್ ಬಿಚ್ಚುತ್ತಾನೆ, ಪುಡಿ ಕೆರೆಯುತ್ತಾನೆ, ಹೊಸ ಕಂಬಕ್ಕೆ ಬಿಗಿಯಾಗಿ ಕೂರಿಸುತ್ತಾನೆ. ತಡ ಹೋದದ್ದು ಆ ಕೆರೆತದಿಂದಲೇ ಇರಬಹುದು. ನವ್ಯನ್ಯಾಯದಲ್ಲಿ ಇದಕ್ಕೆ ಅನ್ಯಥಾಸಿದ್ಧ ಎಂಬ ಹೆಸರಿದೆ. ಕಾರ್ಯಕ್ಕಿಂತ ನಿಯಮವಾಗಿ ಮೊದಲು ಇರುವುದಷ್ಟೇ ಕಾರಣವಾಗಲು ಸಾಲದು. ಅದಿಲ್ಲದೆಯೂ ಕಾರ್ಯವನ್ನು ವಿವರಿಸಲು ಬರುವಂತಿರಬಾರದು. 17ನೇ ಶತಮಾನದ ವಿಶ್ವನಾಥ ಪಂಚಾನನ ಇಂಥ ಸುಳ್ಳು ಕಾರಣಗಳನ್ನು ಐದು ಬಗೆಯಾಗಿ ವಿಂಗಡಿಸಿದ. ಮಡಕೆ ಹುಟ್ಟಲು ಕುಂಬಾರನ ಕೋಲು ಬೇಕು, ಕೋಲಿನ ಬಣ್ಣ ಬೇಕಿಲ್ಲ, ಬಣ್ಣವಿಲ್ಲದ ಕೋಲು ಸಿಗದಿದ್ದರೂ. ಕುಂಬಾರ ಕಾರಣ, ಅವನ ತಂದೆ ಅಲ್ಲ. ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲ. ಗ್ಯಾರೇಜುಗಳಲ್ಲಿ ಬದಲಾಗಿ ಬರುವ ಬಿಡಿಭಾಗಗಳಲ್ಲಿ ಕತ್ತೆಗಳೆಷ್ಟು ಎಂದು ಲೆಕ್ಕವಿಟ್ಟವರಿಲ್ಲ. ಪರೀಕ್ಷೆ ಸುಲಭ: ಹಳೆಯ ಬ್ಯಾಟರಿಯನ್ನೇ ಉಜ್ಜಿದ ಟರ್ಮಿನಲ್‌ಗೆ ಮತ್ತೆ ಕೂರಿಸಿ ನೋಡುವುದು. ಅದನ್ನು ಮಾಡುವವರು ಕಡಿಮೆ; ಕಾರು ಸ್ಟಾರ್ಟ್ ಆದ ಮೇಲೆ ಜಿಜ್ಞಾಸೆ ಯಾರಿಗೂ ಬೇಡ.

ಕೆಲಸ ಆಯಿತಲ್ಲ, ಅಂದರೆ ತಿಳಿವಳಿಕೆ ಸರಿ ಎಂಬ ನಿಲುವಿಗೂ ಶಾಸ್ತ್ರದ ಬೆಂಬಲವಿದೆ. ಜ್ಞಾನ ನಿಜವೆಂದು ಗೊತ್ತಾಗುವುದು ಸಫಲವಾದ ಪ್ರವೃತ್ತಿಯಿಂದ ಎಂದು ನೈಯಾಯಿಕರು ವಾದಿಸಿದರು: ನೀರೆಂದು ತಿಳಿದು ಹೋದವನ ದಾಹ ತೀರಿದರೆ ಅದು ನೀರೇ. ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಒಂದು ಉದಾಹರಣೆ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಒಬ್ಬ ರತ್ನದ ಹೊಳಪನ್ನೇ ರತ್ನವೆಂದು ಭ್ರಮಿಸಿ ಓಡುತ್ತಾನೆ, ಇನ್ನೊಬ್ಬ ದೀಪದ ಹೊಳಪನ್ನು. ಇಬ್ಬರ ತಿಳಿವೂ ತಪ್ಪು, ಮೊದಲನೆಯವನಿಗೆ ಮಾತ್ರ ರತ್ನ ಸಿಗುತ್ತದೆ. ಬ್ಯಾಟರಿ ಬದಲಿಸಿ ಗೆದ್ದವನು ಆ ಮೊದಲನೆಯವನಾಗಿರಬಹುದು. ಕರ್ನಾಟಕದ ದ್ವೈತ ಪರಂಪರೆಯ ವ್ಯಾಸತೀರ್ಥರು (1460–1539) ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಎದುರಿಸುವ ದಾರಿಯೇ ಬೇರೆ. ಪ್ರತಿ ಜ್ಞಾನಕ್ಕೂ ಇನ್ನೊಂದು ಜ್ಞಾನದ ಆಧಾರ ಬೇಕೆಂದರೆ ಆ ಸರಪಳಿಗೆ ಕೊನೆಯೇ ಇಲ್ಲ. ಬ್ಯಾಟರಿಯನ್ನು ಮೀಟರ್ ಅಳೆದರೆ ಮೀಟರನ್ನು ಅಳೆಯುವುದು ಯಾವುದು? ದ್ವೈತಿಗಳ ಪ್ರಕಾರ ಜ್ಞಾನದ ಪ್ರಾಮಾಣ್ಯ ಸ್ವತಃ ಇರುತ್ತದೆ, ಸಾಕ್ಷಿ ಎಂಬ ಆತ್ಮದ ಒಳಗಣ್ಣು ಅದನ್ನು ಗ್ರಹಿಸುತ್ತದೆ. ಪರೀಕ್ಷೆಯ ಕೆಲಸ ನಡುವೆ ಎದ್ದ ಸಂಶಯವನ್ನು ಕಳೆಯುವುದಷ್ಟೇ. ದುಡಿಯುವ ಮೆಕ್ಯಾನಿಕ್ ಯಾವ ಪಕ್ಷದವನೆಂದು ಕೇಳಿದರೆ ನಡೆಯಲ್ಲಿ ದ್ವೈತಿ ಎನ್ನಬೇಕಾಗುತ್ತದೆ. ಅವನು ಎಲ್ಲವನ್ನೂ ಪರೀಕ್ಷಿಸುವುದಿಲ್ಲ. ಸಂಶಯ ಬಂದಲ್ಲಿ ಮಾತ್ರ ಮೀಟರ್ ಹಿಡಿಯುತ್ತಾನೆ.

ಇಷ್ಟರವರೆಗೆ ದೇವರ ಪ್ರಸ್ತಾಪ ಬಂದಿಲ್ಲ. ಆಸ್ತಿಕ ತಾರ್ಕಿಕರೂ ಇಂಥ ಕಡೆ ತರುವುದಿಲ್ಲ. ಈಶ್ವರನನ್ನು ಸಾಧಿಸಲೆಂದೇ ‘ನ್ಯಾಯಕುಸುಮಾಂಜಲಿ’ ಬರೆದ ಉದಯನನ ಪರಂಪರೆಯಲ್ಲೇ ಈಶ್ವರ, ಅವನ ಜ್ಞಾನ, ಇಚ್ಛೆ, ಕೃತಿ, ಕಾಲ, ದಿಕ್ಕು, ಅದೃಷ್ಟ, ಪ್ರಾಗಭಾವ (ಹುಟ್ಟುವ ಮುಂಚಿನ ಇಲ್ಲದಿರುವಿಕೆ) ಎಂಬ ಎಂಟು ಸಾಧಾರಣ ಕಾರಣಗಳಿವೆ. ಹುಟ್ಟುವ ಎಲ್ಲಕ್ಕೂ ಅವು ಕಾರಣ. ಎಲ್ಲಕ್ಕೂ ಸಮಾನವಾದದ್ದರಿಂದಲೇ ಈ ಕಾರು ಏಕೆ ತಡಮಾಡಿತು, ಪಕ್ಕದ್ದು ಏಕೆ ತಡಮಾಡಲಿಲ್ಲ ಎಂಬುದಕ್ಕೆ ಅವು ಉತ್ತರವಾಗವು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಈಶ್ವರನನ್ನು ಮಳೆಗೆ ಹೋಲಿಸುವುದೂ ಇದೇ ಧಾಟಿಯಲ್ಲಿ: ಬತ್ತ, ಜವೆ ಎರಡಕ್ಕೂ ಮಳೆ ಬೇಕು, ಒಂದು ಬತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದು ಬೀಜದಿಂದ.

ಅದೃಷ್ಟವನ್ನು ಎಲ್ಲಿ ಕರೆಯಬಾರದು ಎಂಬ ನಿಯಮವನ್ನು ಅತ್ಯಂತ ಕಟ್ಟುನಿಟ್ಟಾಗಿ ಹೇಳಿದವರು ನಾಸ್ತಿಕರಲ್ಲ, ಯಜ್ಞದ ವಿಧಿಗಳನ್ನು ವಿಮರ್ಶಿಸಿದ ಮೀಮಾಂಸಕರು. ದೃಷ್ಟ ಪ್ರಯೋಜನ ಸಿಗುವಲ್ಲಿ ಅದೃಷ್ಟವನ್ನು ಕಲ್ಪಿಸುವುದು ಅನ್ಯಾಯ ಎಂಬುದು ಅವರ ನಿಲುವು. ಯಜ್ಞಕ್ಕೆ ಬತ್ತ ಕುಟ್ಟಬೇಕೆಂಬ ವಿಧಿಯಿದೆ. ಕುಟ್ಟಿದರೆ ಹೊಟ್ಟು ಹೋಗುತ್ತದೆ. ಕಾಣುವ ಫಲ ಅದು, ಪುಣ್ಯ ಬರುತ್ತದೆ ಎಂದು ಸೇರಿಸಬೇಕಿಲ್ಲ. ಹೊಟ್ಟನ್ನು ಉಗುರಿನಿಂದಲೂ ಸುಲಿಯಬಹುದಲ್ಲ, ಕುಟ್ಟಿಯೇ ತೆಗೆಯಬೇಕೆಂಬ ನಿಯಮ ಏಕೆ? ಆ ನಿಯಮದ ಭಾಗಕ್ಕೆ ಮಾತ್ರ ಕಾಣುವ ಫಲವಿಲ್ಲ. ಅಷ್ಟಕ್ಕೆ ಅದೃಷ್ಟ ಫಲ. ಮಹಾನವಮಿಯ ದಿನದ ಆಯುಧಪೂಜೆಗೆ ಈ ವಿಂಗಡಣೆಯನ್ನು ಹಿಡಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ. ಗಾಡಿ ತೊಳೆದರೆ ದೂಳು ಹೋಗುತ್ತದೆ, ಅದು ದೃಷ್ಟ. ಬೂದುಗುಂಬಳ ಒಡೆಯುವುದು, ಚಕ್ರದಡಿ ನಿಂಬೆಹಣ್ಣು ಇಡುವುದು ಇವುಗಳಿಗೆ ದೃಷ್ಟ ಫಲವಿಲ್ಲ, ಇದೆ ಎಂದು ಯಾವ ಅರ್ಚಕರೂ ಹೇಳುವುದೂ ಇಲ್ಲ. ನಿಂಬೆಹಣ್ಣು ಬ್ಯಾಟರಿ ಚಾರ್ಜ್ ಮಾಡುತ್ತದೆಂದು ಯಾರೂ ನಂಬಿಲ್ಲದಿರುವಾಗ, ಪೂಜೆಯ ಲೋಪದಿಂದ ಬ್ಯಾಟರಿ ಇಳಿಯಿತು ಎಂದು ನಂಬುವುದಕ್ಕೆ ಆಧಾರವೇನು? ತೊಳೆಯುವ ಉತ್ಸಾಹದಲ್ಲಿ ಎಂಜಿನ್ ಮೇಲೂ ಪೈಪಿನಿಂದ ನೀರು ಬಿಟ್ಟು, ಮರುದಿನ ವಿಜಯದಶಮಿಯ ಬೆಳಿಗ್ಗೆ ಕಾರು ತಿಣುಕಾಡಿದರೆ ಅದಕ್ಕೆ ಪೂಜೆಯೇ ಕಾರಣ ಎಂದರೂ ಸುಳ್ಳಲ್ಲ. ಆದರೆ ಅದು ದೃಷ್ಟ ಕಾರಣ: ಕಿಡಿಯ ತಂತಿಗೆ, ಕನೆಕ್ಟರಿಗೆ ಸೇರಿದ ನೀರು.

ಅದೃಷ್ಟದ ಗಡಿ ಒಂದೇ ಕಡೆ ನಿಂತದ್ದೂ ಅಲ್ಲ. ಕಣಾದನ ವೈಶೇಷಿಕಸೂತ್ರ ಅದೃಷ್ಟದಿಂದ ನಡೆಯುವ ಚಲನೆಗಳನ್ನು ಹೆಸರಿಸುವಾಗ, ಅಯಸ್ಕಾಂತದ ಕಡೆಗೆ ಸೂಜಿ ಸರಿಯುವುದನ್ನು ಸೇರಿಸುತ್ತದೆ. ಮರದೊಳಗೆ ನೀರು ಏರುವುದನ್ನೂ ಬೆಂಕಿ ಮೇಲ್ಮುಖವಾಗಿ ಉರಿಯುವುದನ್ನೂ ಸೇರಿಸುತ್ತದೆ. ಮುಟ್ಟದೆ ಎಳೆಯುವುದಕ್ಕೆ ಆಗ ಯಾವ ದೃಷ್ಟ ಕಾರಣವೂ ಸಿಕ್ಕಿರಲಿಲ್ಲ. ಇಂದು ಸೆಲ್ಫಿನ ಬೆನ್ನಿಗೆ ಕೂತ ಸಾಲಿನಾಯ್ಡ್ ನಡೆಯುವುದು ಅದೇ ಸೆಳೆತದಿಂದ. ಕೀ ತಿರುಗಿಸಿದಾಗ ಸುರುಳಿಯಲ್ಲಿ ಕರೆಂಟ್ ಹರಿದು ಅದು ಅಯಸ್ಕಾಂತವಾಗುತ್ತದೆ, ಒಳಗಿನ ಕಬ್ಬಿಣದ ದಿಂಡನ್ನು ಎಳೆಯುತ್ತದೆ. ಆ ಎಳೆತಕ್ಕೆ ಚಿಕ್ಕ ಹಲ್ಲುಚಕ್ರ ಮುಂದೆ ಸರಿದು ಎಂಜಿನ್ನಿನ ದೊಡ್ಡ ಚಕ್ರಕ್ಕೆ ಕಚ್ಚಿಕೊಳ್ಳುತ್ತದೆ, ಮೋಟರಿಗೆ ದೊಡ್ಡ ಕರೆಂಟಿನ ಬಾಗಿಲು ತೆರೆಯುತ್ತದೆ. ‘ಟಿಕ್’ ಎಂದಷ್ಟೇ ಸದ್ದಾಗಿ ಸೆಲ್ಫ್ ತಿರುಗದಿದ್ದರೆ ಶಿವಾಜಿನಗರದ ಹುಡುಗನೂ ಸಾಲಿನಾಯ್ಡಿನ ಸಂಪರ್ಕ ಸವೆದಿರಬಹುದು, ಬ್ಯಾಟರಿ ನೋಡಿ ಎನ್ನುತ್ತಾನೆ. ಕಣಾದನನ್ನು ಇದಕ್ಕಾಗಿ ನಗೆಗೀಡು ಮಾಡುವುದು ತಿಳಿಗೇಡಿತನ. ಕಾಣುವ ಕಾರಣಗಳನ್ನು ಎಣಿಸಿ, ಅವು ಸಾಲದಾದಲ್ಲಿ ಮಾತ್ರ ಆ ಹೆಸರು ಇಟ್ಟ; ಎಣಿಕೆ ಮುಂದುವರಿದಾಗ ಆ ಪಟ್ಟಿ ಕುಗ್ಗಿತು.

ಶಿವಾಜಿನಗರದ ಗ್ಯಾರೇಜುಗಳಲ್ಲಿ ದುಡಿಯುವವರಲ್ಲಿ ಅನೇಕರು ಮುಸ್ಲಿಮರು. ಅವರ ಪರಂಪರೆಯಲ್ಲೂ ಇದೇ ಪ್ರಶ್ನೆಗೆ ಎರಡು ಮುಖದ ಉತ್ತರವಿದೆ. 11ನೇ ಶತಮಾನದ ಅಲ್ ಗಝಾಲಿ, ಬೆಂಕಿ ತಾಗಿದಾಗ ಹತ್ತಿ ಉರಿಯುವುದನ್ನು ನಾವು ಕಾಣುತ್ತೇವೆ, ಬೆಂಕಿಯಿಂದಲೇ ಉರಿಯಿತೆಂಬುದನ್ನು ಕಾಣುವುದಿಲ್ಲ ಎಂದು ವಾದಿಸಿ ಕಾರಣತ್ವವನ್ನೆಲ್ಲ ದೇವರಿಗೆ ಒಪ್ಪಿಸಿದ. ಒಂಟೆಯನ್ನು ಬಿಟ್ಟು ದೇವರನ್ನು ನಂಬಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ನಂಬು ಎಂದು ಪ್ರವಾದಿಯವರು ಹೇಳಿದರೆಂಬ ಹದೀಸ್ ಇನ್ನೊಂದು ಕಡೆ. ಗಝಾಲಿಯ ವಾದವನ್ನು ಒಪ್ಪಿದವನೂ ಟರ್ಮಿನಲ್ ಉಜ್ಜುತ್ತಾನೆ. ದೇವರು ಸಾಮಾನ್ಯವಾಗಿ ಯಾವ ಕ್ರಮದಲ್ಲಿ ನಡೆಸುತ್ತಾನೋ ಆ ಕ್ರಮವನ್ನೇ ಅವನು ಹುಡುಕುತ್ತಿರುತ್ತಾನೆ.

ಹುಡುಕಿದ್ದೆಲ್ಲ ಮುಗಿದರೂ ಕಾರಣ ಸಿಗದ ಕಾರುಗಳು ಇದ್ದೇ ಇರುತ್ತವೆ: ಗ್ಯಾರೇಜಿಗೆ ಬಂದಾಗ ಸರಿಯಾಗಿದ್ದು, ಮನೆಗೆ ಹೋದ ಮೇಲೆ ತಡಮಾಡುವಂಥವು. ಅಲ್ಲಿ ಅದೃಷ್ಟವನ್ನು ತರುವ ಮೊದಲು ಈಶ್ವರಕೃಷ್ಣನ ಸಾಂಖ್ಯಕಾರಿಕೆಯನ್ನು ನೆನೆಯುವುದು ಒಳಿತು. ಇರುವ ವಸ್ತುವೇ ಕಾಣದಿರಲು ಅವನು ಎಂಟು ಕಾರಣ ಕೊಡುತ್ತಾನೆ: ಅತಿ ದೂರ, ಅತಿ ಸಮೀಪ, ಇಂದ್ರಿಯದ ದೋಷ, ಮನಸ್ಸು ನಿಲ್ಲದಿರುವುದು, ಸೂಕ್ಷ್ಮತೆ, ನಡುವಿನ ಮರೆ, ಇನ್ನೊಂದರ ಅಬ್ಬರದಲ್ಲಿ ಅಡಗುವುದು, ತನ್ನಂಥದರಲ್ಲಿ ಬೆರೆಯುವುದು. ರಬ್ಬರಿನ ಹೊದಿಕೆಯೊಳಗೆ ಕೊಳೆತ ತಂತಿ ಮರೆಯಲ್ಲಿದೆ. ರಾತ್ರಿಯ ಸಣ್ಣ ಸೋರಿಕೆ ಸೂಕ್ಷ್ಮ. ಎಂಜಿನ್ ಕಾದಾಗ ಮಾತ್ರ ಮಾತು ತಪ್ಪುವ ಕ್ರ್ಯಾಂಕ್ ಸೆನ್ಸರ್ ತಣ್ಣಗಿನ ಎಂಜಿನ್ನಿನಲ್ಲಿ ಪರೀಕ್ಷಿಸಿದವನಿಗೆ ಎಂದೂ ಸಿಗದು. ಇವೆಲ್ಲ ಕಾಣದವು, ಆದರೂ ದೃಷ್ಟದ ಜಾತಿಯವೇ.

ಹಾಗಾದರೆ ಅದೃಷ್ಟಕ್ಕೆ ಉಳಿಯುವುದೇನು? ನ್ಯಾಯ-ವೈಶೇಷಿಕಗಳಲ್ಲಿ ಅದೃಷ್ಟವೆನಿಸುವ ಧರ್ಮಾಧರ್ಮಗಳು ಆತ್ಮದ ಗುಣಗಳು, ಅವುಗಳ ಫಲ ಸುಖದುಃಖ. ಅರ್ತ್ ಪಟ್ಟಿ ತುಕ್ಕು ಹಿಡಿದದ್ದು ನೀರಿನಿಂದ, ಕಾಲದಿಂದ. ಅದು ಪೂರ್ತಿ ಕೈಕೊಟ್ಟ ಬೆಳಿಗ್ಗೆಯೇ ಒಬ್ಬ ಮಾಲೀಕನಿಗೆ ಆಸ್ಪತ್ರೆಗೆ ಧಾವಿಸಬೇಕಾಗಿತ್ತು, ಇನ್ನೊಬ್ಬನಿಗೆ ರಜೆಯಿತ್ತು. ತುಕ್ಕು ಇಬ್ಬರಿಗೂ ಒಂದೇ, ಪಟ್ಟ ಪಾಡು ಬೇರೆ. ಆ ಪಾಡಿನ ಹಂಚಿಕೆ ಏಕೆ ಹೀಗೆ ಎಂಬ ಪ್ರಶ್ನೆಯನ್ನು ಕರ್ಮವಾದಿ ಅದೃಷ್ಟದಿಂದ ಬಿಡಿಸುತ್ತಾನೆ, ಚಾರ್ವಾಕ ಅದು ಪ್ರಶ್ನೆಯೇ ಅಲ್ಲ ಎನ್ನುತ್ತಾನೆ. ಅವರಿಬ್ಬರ ವ್ಯಾಜ್ಯ ಪಟ್ಟಿ ಬದಲಿಸಿದರೆ ತೀರುವಂಥದಲ್ಲ. ಪಟ್ಟಿ ಬದಲಿಸಬೇಕೆಂಬುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.